ಭಾಷಣಕ್ಕೆ ಟಾಪಿಕ್ ಕೊಡಿ ಅನ್ನೋ ತಮ್ಮ ತಂಗಿಯರಿಗೆ



ಮಾರ್ಚ್ ಮುಗಿತಾ ಬಂದ ಹಾಗೆ ನನ್ನ ಫೋನಿಗೆ ಒಂದೇ ಥರದ ಮೆಸೇಜ್ ಶುರುವಾಗುತ್ತೆ. "ಅಣ್ಣಾ, ಏಪ್ರಿಲ್ 14ಕ್ಕೆ ಭಾಷಣ ಸ್ಪರ್ಧೆ ಇದೆ, ಒಂದು ಟಾಪಿಕ್ ಕೊಡಿ." ಕಾಮಾಕ್ಷಿಪಾಳ್ಯದಿಂದ, ಮೂಡಲಪಾಳ್ಯದಿಂದ, ಕೆಂಗೇರಿ ಕಡೆ ಹಾಸ್ಟೆಲ್‌ಗಳಿಂದ. ಮೊದಲೆಲ್ಲ ಕೇಳಿದ ತಕ್ಷಣ ಕೊಟ್ಟುಬಿಡ್ತಿದ್ದೆ. "ಸಂವಿಧಾನ ಮತ್ತು ಯುವಜನತೆ", "ಬಾಬಾಸಾಹೇಬರು ಮತ್ತು ಮಹಿಳೆ". ಈಗ ಕೊಡೋದು ನಿಲ್ಲಿಸಿದೀನಿ. ಯಾಕೆ ಅಂತ ಹೇಳ್ತೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಎರಡು ವರ್ಷದ ಹಿಂದೆ ಮಾಗಡಿ ರಸ್ತೆ ಕಡೆ ಒಂದು ಜಯಂತಿ ಕಾರ್ಯಕ್ರಮ. ನನ್ನನ್ನ ತೀರ್ಪುಗಾರ ಅಂತ ಕೂರಿಸಿದ್ರು. ಹನ್ನೊಂದು ಮಕ್ಕಳು ಮಾತಾಡಿದ್ರು. ಅದರಲ್ಲಿ ಎಂಟು ಮಕ್ಕಳು ಶುರು ಮಾಡಿದ್ದು ಒಂದೇ ಸಾಲಿಂದ. 1891ರ ಏಪ್ರಿಲ್ 14ರಂದು ಮಹೂನಲ್ಲಿ ರಾಮ್‌ಜಿ, ಭೀಮಾಬಾಯಿ ದಂಪತಿಯ ಹದಿನಾಲ್ಕನೇ ಮಗುವಾಗಿ... ಐದನೇ ಮಗು ಬರೋ ಹೊತ್ತಿಗೆ ಜನ ಪಲಾವ್ ಪಾತ್ರೆ ಕಡೆ ತಿರುಗಿ ಕೂತಿದ್ರು. ಮಕ್ಕಳದ್ದು ತಪ್ಪಿಲ್ಲ. ಕೊಟ್ಟಿದ್ದನ್ನ ಕಂಠಪಾಠ ಮಾಡ್ಕೊಂಡು ಬಂದಿದ್ರು. ಕೊಟ್ಟೋರು ನಾವು. ಅವತ್ತಿನ ಎಂಟರಲ್ಲಿ ಮೂರು ಟಾಪಿಕ್ ನಾನೇ ಕೊಟ್ಟಿದ್ದು.

ಬಾಬಾಸಾಹೇಬರ ಜೀವನ ಹೇಳಬಾರದು ಅಂತ ಅಲ್ಲ. ಅವರ ಬದುಕಿನ ತಾರೀಖುಗಳು ನಮ್ಮ ಪ್ರತಿ ಮಗುವಿಗೂ ಗೊತ್ತಿರಬೇಕು. ಆದರೆ ಆ ತಾರೀಖುಗಳನ್ನ ಒಪ್ಪಿಸೋದೇ ಭಾಷಣ ಅಂತ ನಾವು ಕಲಿಸಿಬಿಟ್ಟಿದೀವಿ.

ಇನ್ನೊಂದು ಕಡೆ ನೋಡಿ. ನಮ್ಮವರಿಗೆ ಹೊರಗಿನ ಸಭೆಗಳಿಂದ ಕರೆ ಬರೋದು ಯಾವಾಗ? ಏಪ್ರಿಲ್‌ನಲ್ಲಿ, ಡಿಸೆಂಬರ್ 6ಕ್ಕೆ. ವಿಷಯ? ಅಂಬೇಡ್ಕರ್, ಇಲ್ಲಾ ಮೀಸಲಾತಿ. ಬೆಂಗಳೂರಿನ ನೀರಿನ ಬಗ್ಗೆ, ಬಜೆಟ್ ಬಗ್ಗೆ, ಕನ್ನಡ ಕಾದಂಬರಿ ಬಗ್ಗೆ ಮಾತಾಡೋಕೆ ದಲಿತ ಹುಡುಗಿಯನ್ನ ಕರೆದದ್ದು ನೀವು ಎಷ್ಟು ಸಲ ನೋಡಿದೀರಿ? ಒಂದು ಸಲ ಒಂದು ಕಾಲೇಜಿನವರು ನನ್ನನ್ನ ಕರೆದಾಗ, "ವೃಷಭಾವತಿ ಬಗ್ಗೆ ಮಾತಾಡ್ತೀನಿ" ಅಂದೆ. "ಸಾರ್, ಅದಕ್ಕೆ ಪರಿಸರದೋರು ಬರ್ತಾರೆ, ನೀವು ನಿಮ್ಮ ವಿಷಯ ಮಾತಾಡಿ" ಅಂದ್ರು. ನಿಮ್ಮ ವಿಷಯ! ಆ ಕೊಳಚೆ ನೀರಿಗೆ ಇಳಿದೋರು ಯಾರು, ಅದರ ದಂಡೆ ಮೇಲೆ ಮನೆ ಕಟ್ಟಿಕೊಂಡಿರೋರು ಯಾರು ಅಂತ ಅವರಿಗೆ ಹೊಳೆದೇ ಇರಲಿಲ್ಲ.

ಹಾಗಾಗಿ ನಾನು ಹೇಳೋದು ಇಷ್ಟೇ: ವಿಷಯ ಆರಿಸೋದು ಭಾಷಣದ ಮೊದಲಿನ ಚಿಲ್ಲರೆ ಕೆಲಸ ಅಲ್ಲ, ಅದೇ ಭಾಷಣದ ಅರ್ಧ ಹೋರಾಟ. ಬೇರೆಯವರು ಕೊಟ್ಟ ವಿಷಯದ ಮೇಲೆ ಎಷ್ಟೇ ಚೆನ್ನಾಗಿ ಮಾತಾಡಿದ್ರೂ ನಾವು ಅವರು ಹಾಕಿದ ಗೆರೆಯೊಳಗೇ ಇರ್ತೀವಿ.

ಬಾಬಾಸಾಹೇಬರಿಂದ ಕಲಿಯೋದಾದ್ರೆ ಇದನ್ನ ಕಲಿಯೋಣ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ತಮ್ಮ ವಾರ್ಷಿಕ ಸಮ್ಮೇಳನಕ್ಕೆ ಅವರನ್ನ ಅಧ್ಯಕ್ಷರಾಗಿ ಕರೆದ್ರು. ಕರೆದೋರು ಹೆಚ್ಚಿನವರು ಸವರ್ಣ ಸುಧಾರಕರು, ಜಾತಿ ಹೋಗಲಿ ಅನ್ನೋರೇ. ಸಹಪಂಕ್ತಿ ಭೋಜನ ಒಳ್ಳೇದು ಅಂತ ನಾಲ್ಕು ಮಾತು ಹೇಳಿ ಹಾರ ಹಾಕಿಸ್ಕೊಂಡು ಬರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಜೊತೆಗೆ ಊಟ ಮಾಡಿದ್ರೆ ಜಾತಿ ಹೋಗುತ್ತಾ? ಹೋಗಲ್ಲ. ಅಂತರ್ಜಾತಿ ಮದುವೆ ಆಗಬೇಕು. ಜನ ಯಾಕೆ ಆಗ್ತಿಲ್ಲ? ಧರ್ಮ ಬೇಡ ಅನ್ನುತ್ತೆ ಅಂತ ನಂಬಿದಾರೆ. ಆ ನಂಬಿಕೆ ಎಲ್ಲಿಂದ ಬಂತು? ಶಾಸ್ತ್ರಗಳಿಂದ. ಹೀಗೆ ಒಂದೊಂದೇ ಮೆಟ್ಟಿಲು ಇಳಿದು ಬುಡಕ್ಕೆ ಹೋದ್ರು. ಮಂಡಲದವರು ಹೆದರಿ ಕೆಲವು ಭಾಗ ತೆಗೆಯಿರಿ ಅಂದ್ರು. ಇವರು ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯ್ತು. ಅವರು ತಮ್ಮ ದುಡ್ಡಲ್ಲೇ ಆ ಭಾಷಣವನ್ನ ಪುಸ್ತಕ ಮಾಡಿದ್ರು. 1,500 ಪ್ರತಿ ಎರಡೇ ತಿಂಗಳಲ್ಲಿ ಖರ್ಚಾಯ್ತು. ಅದೇ 'ಜಾತಿ ವಿನಾಶ'. ಇವತ್ತು ನಾವು ಎಲ್ಲಕ್ಕಿಂತ ಹೆಚ್ಚು ಓದೋ ಅವರ ಭಾಷಣ, ವೇದಿಕೆ ಮೇಲೆ ಆಡದೇ ಇದ್ದ ಭಾಷಣ.

ಇನ್ನೊಂದು, 1949ರ ನವೆಂಬರ್ 25. ಸಂವಿಧಾನ ಸಿದ್ಧವಾಗಿತ್ತು, ಸಭೆಯಲ್ಲಿ ಅವರಿಗೆ ಹೊಗಳಿಕೆ ಸುರೀತಿತ್ತು. ಅಂಥ ದಿನ ಅವರು ಆರಿಸ್ಕೊಂಡ ವಿಷಯ ಏನು? 1950ರ ಜನವರಿ 26ರಿಂದ ರಾಜಕೀಯದಲ್ಲಿ ಸಮಾನತೆ ಇರುತ್ತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಲ್ಲಿ ಇರಲ್ಲ, ಈ ವಿರೋಧಾಭಾಸ ಬೇಗ ಹೋಗದೇ ಇದ್ರೆ ಕಟ್ಟಿದ್ದೇ ಬಿದ್ದುಹೋಗುತ್ತೆ ಅನ್ನೋ ಎಚ್ಚರಿಕೆ. ಹಬ್ಬದ ದಿನ ಹಬ್ಬದ ಮಾತೇ ಆಡಬೇಕು ಅಂತ ಅವರು ಅಂದ್ಕೊಂಡಿರಲಿಲ್ಲ.

ಸರಿ ಅಣ್ಣ, ನಮಗೆ ವಿಷಯ ಹೊಳೆಯೋದು ಹೇಗೆ ಅಂತೀರಿ. ಅದಕ್ಕೆ ದಾರಿ ಇದೆ. ಕಳೆದ ವರ್ಷ ಕೆಂಗೇರಿಯಲ್ಲಿ ಗೆಳೆಯರೊಬ್ಬರ ಮನೆ ಮಹಡಿ ಮೇಲೆ ಐದು ಭಾನುವಾರ ಒಂದಷ್ಟು ಹುಡುಗ ಹುಡುಗಿಯರ ಜೊತೆ ಕೂತು ಮಾಡಿದ್ದನ್ನ ಬರೀತೀನಿ. ನಿಮ್ಮ ಬೀದಿಯಲ್ಲೂ ಮಾಡಬಹುದು. ಬೇಕಾಗಿರೋದು ಹಾಳೆ, ಪೆನ್ನು, ಟೀ.

1. ಮೊದಲು ಒಬ್ಬೊಬ್ಬರೇ ಬರೀರಿ

ಎಲ್ಲರೂ ಸುತ್ತ ಕೂತು "ಐಡಿಯಾ ಹೇಳಿ" ಅಂದ್ರೆ ಏನಾಗುತ್ತೆ ಗೊತ್ತಲ್ಲ? ದೊಡ್ಡ ಗಂಟಲಿನೋನು ಹೇಳ್ತಾನೆ, ಉಳಿದೋರು ತಲೆ ಆಡಿಸ್ತಾರೆ. ಬ್ರೈನ್‌ಸ್ಟಾರ್ಮಿಂಗ್ ಅನ್ನೋ ಪದ್ಧತಿಯನ್ನ ಜನಪ್ರಿಯ ಮಾಡಿದ್ದು ಅಲೆಕ್ಸ್ ಆಸ್ಬರ್ನ್ ಅಂತ ಅಮೆರಿಕದ ಜಾಹೀರಾತು ಕಂಪನಿಯವನು. 1953ರಲ್ಲಿ ಪುಸ್ತಕ ಬರೆದ. ಅವನ ನಿಯಮ ಸುಲಭ: ಯಾರ ಐಡಿಯಾಗೂ ತಕ್ಷಣ ಬೇಡ ಅನ್ನಬೇಡಿ, ಎಷ್ಟು ಆಗುತ್ತೋ ಅಷ್ಟು ಹೇಳಿ, ಹುಚ್ಚು ಅನ್ನಿಸಿದ್ದನ್ನೂ ಹೇಳಿ, ಒಬ್ಬರದ್ದಕ್ಕೆ ಇನ್ನೊಬ್ಬರು ಸೇರಿಸಿ. ಚೆನ್ನಾಗೇ ಇದೆ. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದೋರು ಪರೀಕ್ಷೆ ಮಾಡಿ ನೋಡಿದಾಗ, ಗುಂಪಾಗಿ ಕೂತೋರಿಗಿಂತ ಅಷ್ಟೇ ಜನ ಬೇರೆ ಬೇರೆ ಕೂತು ಬರೆದಾಗ ಹೆಚ್ಚು ಐಡಿಯಾ ಬಂದ್ವು. ಗುಂಪಲ್ಲಿ ನಾಚಿಕೆ, ಹೆದರಿಕೆ, ಇನ್ನೊಬ್ಬರ ಮಾತು ಮುಗಿಯೋವರೆಗೆ ಕಾಯೋದು, ಎಲ್ಲ ಇರುತ್ತೆ. ಜಾತಿ ಇರೋ ಕ್ಲಾಸ್‌ರೂಮಲ್ಲಿ ಯಾರು ಮೊದಲು ಬಾಯಿ ಬಿಡ್ತಾರೆ, ಯಾರು ಕೊನೇ ಬೆಂಚಲ್ಲಿ ನುಂಗಿಕೊಳ್ತಾರೆ ಅಂತ ನಮಗೆ ಯಾರೂ ಪರೀಕ್ಷೆ ಮಾಡಿ ಹೇಳಬೇಕಾಗಿಲ್ಲ.

ಹಾಗಾಗಿ ಮೊದಲ ಹತ್ತು ನಿಮಿಷ ಮಾತಿಲ್ಲ. ಪ್ರತಿಯೊಬ್ಬರೂ ಇಪ್ಪತ್ತು ವಿಷಯ ಬರೀಬೇಕು. ಹೊಡೆದು ಹಾಕೋ ಹಾಗಿಲ್ಲ. ಮೊದಲ ಹತ್ತು ಎಲ್ಲರದ್ದೂ ಒಂದೇ ಇರುತ್ತೆ: ಶಿಕ್ಷಣ, ಮೀಸಲಾತಿ, ಮಹಿಳಾ ಸಬಲೀಕರಣ, ಮೊಬೈಲ್ ಹಾವಳಿ. ಅವು ಪಠ್ಯಪುಸ್ತಕದ ವಿಷಯಗಳು. ಅವು ಖಾಲಿಯಾದ ಮೇಲೆ ಪೆನ್ನು ನಿಲ್ಲುತ್ತೆ. ಆಮೇಲೆ ನಿಧಾನಕ್ಕೆ ಅವರದೇ ವಿಷಯ ಬರೋಕೆ ಶುರುವಾಗುತ್ತೆ. ಒಬ್ಬ ಹುಡುಗ ಹದಿನಾರನೇದು ಅಂತ ಬರೆದಿದ್ದ: "ಹಾಜರಿ ಕರೆಯುವಾಗ ಸರ್‌ನೇಮ್ ಕೇಳೋದು".

ಆಮೇಲೆ ಓದಿ ಹೇಳೋದು. ಅದರಲ್ಲೂ ನಿಯಮ: ಚಿಕ್ಕೋರು ಮೊದಲು, ನನ್ನಂಥ ಹಳಬರು ಕೊನೇಲಿ.

2. ಮನೆಯಿಂದ ಬಸ್ ಸ್ಟಾಪಿಗೆ ನಡೀರಿ

ತಲೆಯಲ್ಲಿ ಬರದೇ ಇದ್ರೆ ಕಾಲಿಗೆ ಕೆಲಸ ಕೊಡಿ. ಕಣ್ಣಿಗೆ ಬಿದ್ದ ಬೋರ್ಡು, ಹೆಸರು, ವಾಸನೆ, ಮಾತು ಎಲ್ಲಾ ಬರ್ಕೊಳ್ಳಿ.

ಒಬ್ಬ ಹುಡುಗಿ ಬಸವೇಶ್ವರನಗರದಿಂದ ಬರೋಳು. "ಹಾವನೂರು ಸರ್ಕಲ್ ಅಂತ ದಿನಾ ಕೇಳ್ತೀನಿ ಅಣ್ಣ, ಹಾವನೂರು ಅಂದ್ರೇನು?" ಅಂದ್ಲು. ಸರ್ಕಲ್‌ಗೆ ಆ ಹೆಸರು ಹೇಗೆ ಬಂತು ಅಂತ ಅಲ್ಲಿಯ ಹಳಬರನ್ನೇ ಕೇಳ್ಕೊಂಡು ಬಾ ಅಂದೆ. ಆದರೆ ಹಾವನೂರು ಅಂದಾಗ ನಮಗೆ ನೆನಪಾಗಬೇಕಾದ ಎಲ್.ಜಿ. ಹಾವನೂರರ ಕಥೆ ಹೇಳಿದೆ. 1972ರಲ್ಲಿ ದೇವರಾಜ ಅರಸು ನೇಮಿಸಿದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರು, 1975ರಲ್ಲಿ ವರದಿ ಕೊಟ್ಟೋರು. ಬಸ್ ಸ್ಟಾಪಿನ ಒಂದು ಹೆಸರಿಂದ ಆ ಹುಡುಗಿಗೆ ಮೂರು ಭಾಷಣಕ್ಕಾಗುವಷ್ಟು ವಿಷಯ ಸಿಕ್ತು.

ಇನ್ನೊಬ್ಬ ಹುಡುಗ ಮೆಟ್ರೋದಲ್ಲಿ ಬರೋನು. ಕಿಟಕಿಯಿಂದ ದಿನಾ ಕಾಣೋ ವೃಷಭಾವತಿ ಬರ್ಕೊಂಡ. ಪಶ್ಚಿಮ ಬೆಂಗಳೂರಿನ ಕೊಳಚೆಯನ್ನೆಲ್ಲ ಹೊತ್ತು, ಮೈಸೂರು ರಸ್ತೆ ಪಕ್ಕ ಹರಿದು, ಕೆಂಗೇರಿ ದಾಟಿ, ಬೈರಮಂಗಲ ಕೆರೆ ಮೇಲೆ ಅರ್ಕಾವತಿ ಸೇರೋ ಹೊಳೆ ಅದು. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ಯಾಗ್ರಹ ಮಾಡಿದ್ದು ಚೌದಾರ್ ಕೆರೆಯ ನೀರಿಗಾಗಿ. "ಹಾಗಾದ್ರೆ ನೀರು ನಮ್ಮ ವಿಷಯ ಅಲ್ಲ ಅಂತ ಯಾರು ಹೇಳಿದ್ದು?" ಅಂತ ಅವನೇ ಕೇಳಿದ. ಅವತ್ತು ನನ್ನನ್ನ ಕರೆದ ಕಾಲೇಜಿನೋರಿಗೆ ನಾನು ಕೊಡಬೇಕಾಗಿದ್ದ ಉತ್ತರ ಅದು. ನನಗೆ ಆಗ ಹೊಳೆದಿರಲಿಲ್ಲ.

3. ಪದವನ್ನ ಪ್ರಶ್ನೆ ಮಾಡಿ

"ಅಸ್ಪೃಶ್ಯತೆ" ಅನ್ನೋದು ವಿಷಯ ಅಲ್ಲ, ಪದ. ಅದರ ಮೇಲೆ ಐದು ನಿಮಿಷ ಮಾತಾಡಿದ್ರೆ ಎಲ್ಲರಿಗೂ ಗೊತ್ತಿರೋದನ್ನೇ ಹೇಳ್ತೀರಿ. ಪದಕ್ಕೆ ಎಲ್ಲಿ, ಯಾರಿಗೆ, ಯಾಕೆ ಅಂತ ಕೊಕ್ಕೆ ಹಾಕಿ ಎಳೀರಿ.

ಒಬ್ಬ ತಮ್ಮ "ಅಸ್ಪೃಶ್ಯತೆ" ಅಂತ ಬರೆದಿದ್ದ. ಎಲ್ಲಿ ನೋಡಿದೆ ಅಂದೆ. ಊರಲ್ಲಿ ಅಂದ. ಬೆಂಗಳೂರಲ್ಲಿ? ಸುಮ್ಮನಾದ. ಆಮೇಲೆ ಹೇಳಿದ, ಅವರಪ್ಪ ಅಮ್ಮ ವಿಜಯನಗರ, ಬಸವೇಶ್ವರನಗರದಲ್ಲಿ ಬಾಡಿಗೆ ಮನೆ ಹುಡುಕಿದ ಕಥೆ. "ವೆಜಿಟೇರಿಯನ್ಸ್ ಓನ್ಲಿ" ಬೋರ್ಡು ಇರೋ ಕಡೆ ಹೋಗಲೇ ಇಲ್ಲವಂತೆ. ಬೋರ್ಡು ಇಲ್ಲದ ಕಡೆ ಮೊದಲು ಅಡ್ವಾನ್ಸ್ ಮಾತು, ಆಮೇಲೆ "ನಿಮ್ಮದು ಯಾವ ಊರು", ಆಮೇಲೆ "ನೀವು ಯಾವ ಜನ", ಆಮೇಲೆ "ಮನೆ ನಿನ್ನೆ ತಾನೇ ಕೊಟ್ಟುಬಿಟ್ವಲ್ಲಾ".

ಅಲ್ಲಿಂದ ಪ್ರಶ್ನೆ ಹುಟ್ಟಿತು. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲದರ ಹೆಸರು ಹೇಳುತ್ತೆ. ಬಾಡಿಗೆ ಮನೆಯ ಹೆಸರು ಅಲ್ಲಿಲ್ಲ. 17ನೇ ವಿಧಿ ಅಸ್ಪೃಶ್ಯತೆಯ ಯಾವುದೇ ರೂಪದ ಆಚರಣೆ ನಿಷಿದ್ಧ ಅನ್ನುತ್ತೆ. ಹಾಗಾದ್ರೆ "ನಿನ್ನೆ ತಾನೇ ಕೊಟ್ಟುಬಿಟ್ವಿ" ಅನ್ನೋದು ಅದರೊಳಗೆ ಬರುತ್ತಾ ಇಲ್ವಾ? ಅದೂ ಬಸವಣ್ಣನ ಹೆಸರಿಟ್ಟುಕೊಂಡ ಬಡಾವಣೆಯಲ್ಲಿ! ಕಲ್ಯಾಣದಲ್ಲಿ ಹರಳಯ್ಯನ ಮಗನಿಗೆ ಮಧುವರಸ ಮಗಳನ್ನ ಕೊಟ್ಟಿದ್ದಕ್ಕೆ ಇಬ್ಬರೂ ಜೀವ ತೆತ್ತ ಕಥೆ ನಮಗೆಲ್ಲ ಗೊತ್ತು. ಆ ಹುಡುಗನ ಭಾಷಣದ ಶೀರ್ಷಿಕೆ ಕೊನೆಗೆ "ಬಸವೇಶ್ವರನಗರದಲ್ಲಿ ಹರಳಯ್ಯನಿಗೆ ಮನೆ ಸಿಗುತ್ತಾ?" ಅಂತ ಆಯ್ತು. ಅದನ್ನ ನಾನು ಕೊಟ್ಟಿದ್ದಲ್ಲ. ನನಗೆ ಹೊಳೀತಾನೂ ಇರಲಿಲ್ಲ.

4. ನಾಲ್ಕು ಜರಡಿ

ಇಪ್ಪತ್ತು ವಿಷಯ ಇದ್ರೆ ಒಂದನ್ನ ಉಳಿಸ್ಕೊಳ್ಳೋದು ಹೇಗೆ? ಜರಡಿ ಹಿಡೀರಿ.

ಇದರಲ್ಲಿ ನನಗೆ ಕಂಡು, ಕೇಳಿ ಗೊತ್ತಿರೋದು ಏನಾದ್ರೂ ಇದೆಯಾ, ಇಲ್ಲಾ ನಾಳೆಯೊಳಗೆ ತಿಳ್ಕೋಬಹುದಾ?

ಮುಂದೆ ಕೂತಿರೋರಿಗೂ ಇದಕ್ಕೂ ಏನು ಸಂಬಂಧ?

ಕೊಟ್ಟ ಟೈಮಲ್ಲಿ ಮುಗಿಯುತ್ತಾ? ಐದು ನಿಮಿಷ ಅಂದ್ರೆ ಕೈಬರಹದಲ್ಲಿ ಎರಡು, ಎರಡೂವರೆ ಪುಟ. ಅಷ್ಟರಲ್ಲಿ ಮನುಸ್ಮೃತಿಯಿಂದ ಒಳಮೀಸಲಾತಿವರೆಗೂ ಹೇಳೋಕೆ ಹೋಗಬೇಡಿ.

ನಾಲ್ಕನೇದು, ನಮ್ಮ ಹೋರಾಟದೋರೇ ಎಷ್ಟೋ ಸಲ ಮರೆಯೋದು: ಇದನ್ನ ಹೇಳಿದ್ರೆ ಯಾರಿಗೆ ನೋವಾಗುತ್ತೆ? ಆ ನೋವು ಹೇಳೋಕೆ ನನಗೆ ಹಕ್ಕಿದೆಯಾ?

ಈ ನಾಲ್ಕನೇ ಜರಡಿ ನನಗೆ ಕಲಿಸಿದ್ದು ಒಬ್ಬ ತಾಯಿ.

ಮೂರನೇ ಭಾನುವಾರ ಒಬ್ಬ ಹುಡುಗಿಯ ಪಟ್ಟಿಯಲ್ಲಿ ಹತ್ತೊಂಬತ್ತನೇ ಸಾಲನ್ನ ಗೀಚಿ ಗೀಚಿ ಹೊಡೆದು ಹಾಕಿತ್ತು. ಹೊಡೆದು ಹಾಕೋ ಹಾಗಿಲ್ಲ ಅಲ್ವಾ ಅಂದೆ. ಆಮೇಲೆ ಮೆಲ್ಲಗೆ ಹೇಳಿದ್ಲು. ಅವರಮ್ಮ ಪೌರಕಾರ್ಮಿಕೆ. ಬೆಳಿಗ್ಗೆ ಆರೂವರೆಗೆ ಮಸ್ಟರಿಂಗ್. ಮನೆಯಿಂದ ಹೊರಡೋ ಮುಂಚೆ ನೀರು ಕುಡಿಯಲ್ಲ. ಯಾಕಂದ್ರೆ ಗುಡಿಸೋ ರಸ್ತೆಯುದ್ದಕ್ಕೂ ಒಂದಕ್ಕೆ ಹೋಗೋ ಜಾಗ ಇಲ್ಲ. ಹುಡುಗಿ ಬರೆದು ಹೊಡೆದಿದ್ದು "ಅಮ್ಮ ನೀರು ಕುಡಿಯಲ್ಲ" ಅಂತ.

ನಾನು ತಕ್ಷಣ, "ಇದೇ ನಿನ್ನ ಟಾಪಿಕ್ಕು!" ಅಂದುಬಿಟ್ಟೆ. ನನ್ನ ಹಳೇ ಚಾಳಿ. ಮುಂದಿನ ವಾರ ತಾಯಿನೇ ಬಂದ್ರು. "ಅಣ್ಣಾ, ನಾನ್ ಎಲ್ಲಿಗೆ ಒಂದಕ್ಕೆ ಹೋಗ್ತೀನಿ ಅಂತ ಇವಳು ಮೈಕಲ್ಲಿ ಹೇಳ್ಬೇಕಾ? ನಾಳೆ ಕಾಲೇಜಲ್ಲಿ ಹುಡುಗ್ರು ಇವಳನ್ನ ಏನಂತ ಕರೀತಾರೆ? ನಾನ್ ಪೊರಕೆ ಹಿಡಿದಿದ್ದು ಇವಳು ಅದನ್ನ ಹೇಳ್ಕೊಂಡು ಪ್ರೈಜ್ ತಗೊಳ್ಲಿ ಅಂತಾನಾ?"

ನನಗೆ ಉತ್ತರ ಬರಲಿಲ್ಲ. ನಮ್ಮ ಗಾಯ ಬಿಚ್ಚಿ ತೋರಿಸಿದ್ರೆ ಮಾತ್ರ ಚಪ್ಪಾಳೆ ಹೊಡೆಯೋ ಸಭೆಗಳನ್ನ ನಾನೂ ನೋಡಿದೀನಿ. ಅಂಥ ಸಭೆಗಳಿಗೆ ಮಾತಾಡೋ ಹುಡುಗಿ ಬೇಕಾಗಿರಲ್ಲ, ಅವಳ ಕಣ್ಣೀರು ಬೇಕಾಗಿರುತ್ತೆ. ಅದೂ ಒಂದು ಥರ ಅವರು ಹಾಕಿದ ಗೆರೆಯೇ.

ದಾರಿ ತೋರಿಸಿದ್ದು ಹುಡುಗಿನೇ. "ಅಮ್ಮನ ಬಗ್ಗೆ ಹೇಳಲ್ಲ. ರಸ್ತೆ ಬಗ್ಗೆ ಹೇಳ್ತೀನಿ" ಅಂದ್ಲು. ವಿಷಯ ಬದಲಾಗಲಿಲ್ಲ, ಪ್ರಶ್ನೆ ತಿರುಗಿತು. ಅಮ್ಮ ಯಾಕೆ ನೀರು ಕುಡಿಯಲ್ಲ ಅನ್ನೋದು ಹೋಗಿ, "ಬೆಳಿಗ್ಗೆ ಆರೂವರೆಗೆ ಈ ರಸ್ತೆಯಲ್ಲಿ ಒಬ್ಬ ಹೆಂಗಸಿಗೆ ತೆರೆದಿರೋ ಶೌಚಾಲಯ ಯಾವುದು?" ಅಂತಾಯ್ತು. ಮೊದಲಿನದಕ್ಕೆ ಅಮ್ಮ ನಾಚಿಕೆ ಪಡಬೇಕಾಗಿತ್ತು. ಎರಡನೇದಕ್ಕೆ ಊರು ನಾಚಿಕೆ ಪಡಬೇಕು. ಮೂರು ದಿನ ಬೆಳಿಗ್ಗೆ ಎದ್ದು ನಡೆದು ನೋಡಿದ್ಲು. ಯಾವುದಕ್ಕೆ ಬೀಗ, ಯಾವುದು ಎಷ್ಟು ಗಂಟೆಗೆ ತೆಗೀತಾರೆ, ಎಲ್ಲಿ ದುಡ್ಡು ಕೇಳ್ತಾರೆ, ಎಲ್ಲಾ ಬರ್ಕೊಂಡ್ಲು. ಮೂರನೇ ದಿನ ತಾಯಿನೂ ಜೊತೆಗೆ ಹೋಗಿ ಇಲ್ಲಿ ನೋಡು, ಅಲ್ಲಿ ನೋಡು ಅಂತ ತೋರಿಸಿದ್ರಂತೆ.

5. ಒಂದೇ ಸಾಲಲ್ಲಿ ಹೇಳಿ ನೋಡಿ

ವಿಷಯ ಆರಿಸಿದ ಮೇಲೆ, ನಿಮ್ಮ ಮಾತನ್ನ ಒಪ್ಪದೇ ಇರೋರು ಅದರಿಂದ ಯಾವ ಒಂದು ಪದ ಎತ್ಕೊಂಡು ಹೋಗ್ತಾರೆ ಅಂತ ಯೋಚನೆ ಮಾಡಿ. 1973ರ ನವೆಂಬರಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದ್ರು. ಜನ ಹಿಡ್ಕೊಂಡಿದ್ದು ಆ ಒಂದು ಪದವನ್ನ. ಈ ಸಾಹಿತ್ಯದಲ್ಲಿ ನಮ್ಮ ಬದುಕು ಎಲ್ಲಿದೆ ಅನ್ನೋ ಪ್ರಶ್ನೆ ಗಲಾಟೆಯಲ್ಲಿ ಮುಳುಗಿ ಹೋಯ್ತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿಗಿರಿ ಬಿಡಬೇಕಾಯ್ತು. ತಲೆ ಮೇಲೆ ಮಲ ಹೊರೋ ಪದ್ಧತಿಯನ್ನ ಈ ರಾಜ್ಯದಲ್ಲಿ ನಿಲ್ಲಿಸೋಕೆ ಆದೇಶ ಮಾಡಿದ ಮನುಷ್ಯನನ್ನ ಇವತ್ತಿಗೂ ಎಷ್ಟೋ ಜನ ನೆನಪಿಸ್ಕೊಳ್ಳೋದು ಆ ಒಂದು ಪದದಿಂದ.

ಅವರು ಹಾಗೆ ಹೇಳಬಾರದಿತ್ತು ಅಂತ ನಾನು ಅನ್ನಲ್ಲ. ಆ ಕಿಚ್ಚಿನಿಂದಲೇ ದಲಿತ ಸಂಘರ್ಷ ಸಮಿತಿಗೆ, ದಲಿತ ಸಾಹಿತ್ಯಕ್ಕೆ ಬಲ ಬಂತು. ಶ್ರೀರಾಂಪುರದ ಸ್ಮಶಾನದಲ್ಲಿ ಕೂತು ಓದ್ತಿದ್ದ ಹುಡುಗ ಸಿದ್ದಲಿಂಗಯ್ಯ ಆ ಕಾಲದ ದನಿಯಾದ್ರು. ನಾನು ಹೇಳೋದು, ವೇದಿಕೆ ಹತ್ತೋ ಮುಂಚೆ ನಿಮ್ಮ ಇಡೀ ಮಾತನ್ನ ಒಂದು ಸಾಲಲ್ಲಿ ಬರ್ಕೊಳ್ಳಿ. ಆ ಸಾಲನ್ನ ಮೂರು ಸಲ ಹೇಳಿ: ಶುರುವಲ್ಲಿ, ನಡುವೆ, ಕೊನೆಗೆ. ಆಗ ಎತ್ಕೊಂಡು ಹೋಗೋರು ಅದನ್ನೇ ಎತ್ಕೊಂಡು ಹೋಗಲಿ.

ಆ ಹುಡುಗಿಯ ಭಾಷಣ ಏನಾಯ್ತು ಅಂತ ಕೇಳ್ತೀರಿ. ಪ್ರೈಜ್ ಬರಲಿಲ್ಲ. ಸಮಾಧಾನಕರ ಬಹುಮಾನನೂ ಇಲ್ಲ. ಹಿರಿಯರೊಬ್ಬರು, ನಮ್ಮೋರೇ, "ಜಯಂತಿ ದಿನ ಇದೆಲ್ಲಾ ಬೇಕಿತ್ತಾ" ಅಂತ ಗೊಣಗಿದ್ರು. ಆದರೆ ಅವಳು ಇಳಿಯೋ ಹೊತ್ತಿಗೆ ಹಿಂದಿನ ಸಾಲಲ್ಲಿ ಕೂತಿದ್ದ ಹೆಂಗಸೊಬ್ಬರು ಎದ್ದು ನಿಂತು, "ಇನ್ನೊಂದು ಬಿಟ್ಟೆಯಲ್ಲವ್ವ, ಮುಟ್ಟಿನ ದಿನ ಏನ್ ಮಾಡೋದು ಅಂತ ಯಾರ್ ಹೇಳ್ತಾರೆ?" ಅಂದ್ರು. ಪಕ್ಕದೋರು ಇನ್ನೊಂದು ಹೇಳಿದ್ರು. ಪಲಾವ್ ಪಾತ್ರೆ ಕಡೆ ಯಾರೂ ತಿರುಗಲಿಲ್ಲ. ಅವತ್ತು ಸಂಜೆ ಅಲ್ಲೇ ಒಂದು ಅರ್ಜಿ ಬರೆದ್ವಿ. ಮೊದಲ ಸಹಿ ಆ ತಾಯಿದು. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ, ನಾವು ಬಿಟ್ಟೂ ಇಲ್ಲ.

ಭಾಷಣ ಮುಗಿದ ಮೇಲೆ ಕೇಳಿದೋರು ಮಾತು ಮುಂದುವರಿಸಿದ್ರೆ ವಿಷಯ ಸರಿಯಾಗಿ ಸಿಕ್ಕಿದೆ ಅಂತ ಅರ್ಥ. ನಾನು ತೀರ್ಪುಗಾರನಾಗಿದ್ದಾಗ ಅದಕ್ಕೆ ಅಂಕ ಇರಲಿಲ್ಲ. ಉಚ್ಚಾರಣೆಗೆ ಇತ್ತು, ಹಾವಭಾವಕ್ಕೆ ಇತ್ತು. ಈ ಸಲ ಜಯಂತಿ ಮಾಡೋ ಸಂಘಟಕರಿಗೆ ನನ್ನದೊಂದು ಬೇಡಿಕೆ: ಸ್ಪರ್ಧೆಗೆ ವಿಷಯ ಕೊಡಬೇಡಿ. ಎರಡು ವಾರ ಮುಂಚೆ ಮಕ್ಕಳನ್ನ ಕೂರಿಸಿ, ಹಾಳೆ ಕೊಡಿ, ಅವರೇ ಹುಡುಕ್ಕೊಳ್ಳಲಿ. ಹತ್ತರಲ್ಲಿ ಎರಡು ಅಂಕ ವಿಷಯದ ಆಯ್ಕೆಗೆ ಇಡಿ.

ಟಾಪಿಕ್ ಕೇಳೋ ತಮ್ಮ ತಂಗಿಯರೇ, ಇನ್ಮೇಲೆ "ಟಾಪಿಕ್ ಕೊಡಿ" ಅಂತ ಮೆಸೇಜ್ ಮಾಡಬೇಡಿ. ನಿಮ್ಮ ಇಪ್ಪತ್ತರ ಪಟ್ಟಿ ಕಳಿಸಿ. ಹೊಡೆದು ಹಾಕಿದ ಸಾಲು ಇದ್ರೆ ಅದರ ಸಮೇತ ಕಳಿಸಿ. ರಾತ್ರಿ ಎಷ್ಟು ಹೊತ್ತಾದ್ರೂ ಕೂತು ಓದ್ತೀನಿ.

ಜೈ ಭೀಮ್.